ಆಬ್ಜೆಕ್ಟ್ ಕಟ್ಟಿದವರು ಕಾರ್ಮಿಕರ ಜೊತೆ ನಿಂತರು

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಉಳ್ಳಾಗಡ್ಡಿ ಗಾಡಿಗಳು ಗದಗ ಎಪಿಎಂಸಿಗೆ ಬರ್ತಾವೆ ಅಂದುಕೊಳ್ಳಿ. ಎಷ್ಟು ಗಾಡಿ ಸಾಲಲ್ಲಿ ಕಾಯ್ತಾವೆ, ಎಷ್ಟು ಹಮಾಲರು ಬೇಕು? ಇಂಥದ್ದನ್ನ ಕಂಪ್ಯೂಟರ್‌ನಲ್ಲಿ ಅಣಕು ಮಾಡಿ ನೋಡೋಕೆ ಸಿಮ್ಯುಲಾ ಎಂಬ ಭಾಷೆ ಕಟ್ಟಿದವರು ನಾರ್ವೆಯ ಕ್ರಿಸ್ಟನ್ ನ್ಯೂಗೋರ್ ಮತ್ತು ಓಲೆ ಯೋಹಾನ್ ಡಾಲ್.

1926ರಲ್ಲಿ ಓಸ್ಲೋದಲ್ಲಿ ಹುಟ್ಟಿದ ನ್ಯೂಗೋರ್ ಗಣಿತ ಓದಿದವರು. ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿದ್ದು, 1960ರಲ್ಲಿ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್ ಸೇರಿದರು.

ಆಗಿನ ಆಲ್ಗೋಲ್ ಭಾಷೆಯ ಮೆಮೊರಿ ಖಾನಾವಳಿಯ ತಾಟಿನ ರಾಶಿಯಂತೆ: ಕೊನೆಗೆ ಇಟ್ಟದ್ದೇ ಮೊದಲು ಹೊರಗೆ. ಆದರೆ ಮೊದಲು ಬಂದ ಗಾಡಿಯೇ ಮೊದಲು ಹೋಗಬೇಕಿಲ್ಲ, ಕೊನೆಗೆ ಬಂದದ್ದೂ ಅಲ್ಲ. ಹಾಗಾಗಿ 1963ರಲ್ಲಿ ಡಾಲ್ ಬೇರೆಯದೇ ಮೆಮೊರಿ ವ್ಯವಸ್ಥೆ ರೂಪಿಸಿದರು. ಮೊದಲ ಸಿಮ್ಯುಲಾದಲ್ಲಿ ಒಂದು ವಸ್ತುವನ್ನ ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಅನ್ನೋ ಲೆಕ್ಕ ಇರ್ತಿತ್ತು. ಲೆಕ್ಕ ಸೊನ್ನೆಯಾದರೆ ಜಾಗ ಖಾಲಿ. ಎರಡು ವಸ್ತುಗಳು ಪರಸ್ಪರ ಹಿಡಿದುಕೊಂಡರೆ ಮಾತ್ರ ಲೆಕ್ಕ ಸೊನ್ನೆಗೆ ಇಳಿಯೋದೇ ಇಲ್ಲ. ಅದಕ್ಕೇ ಕಸ ಗುಡಿಸೋ ಇನ್ನೊಂದು ಏರ್ಪಾಡೂ ಬೇಕಾಯ್ತು. ಸಿಮ್ಯುಲಾ 67ರ ಹೊತ್ತಿಗೆ ಎಣಿಕೆ ಬಿಟ್ಟು ಗುಡಿಸೋದನ್ನಷ್ಟೇ ಉಳಿಸಿಕೊಂಡರು. ಕ್ಲಾಸ್, ಆಬ್ಜೆಕ್ಟ್ ಎಂಬ ಕಲ್ಪನೆಗಳು ಬೆಳೆದದ್ದು ಅಲ್ಲೇ. ಎಣಿಕೆಯ ಉಪಾಯವೂ ಸಾಯಲಿಲ್ಲ: ಮೈಕ್ರೋಸಾಫ್ಟ್‌ನ ಕಾಮ್ ಇಂಟರ್‌ಫೇಸ್‌ಗಳು, ಪೈಥಾನ್, ಸ್ವಿಫ್ಟ್ ಇವತ್ತಿಗೂ ಅದನ್ನೇ ನಂಬಿವೆ.

ಇಂಥ ತಂತ್ರಜ್ಞಾನ ಕಾರ್ಖಾನೆಗೆ ಹೋದಾಗ ಏನಾಗುತ್ತೆ ಅಂತ ನ್ಯೂಗೋರ್ ಯೋಚಿಸಿದರು. ಮಾದರಿಯೊಳಗೆ ಕಾರ್ಮಿಕನೂ ಒಂದು ವಸ್ತು. ಮಾದರಿ ಬರೆಯೋರು ಮಾಲೀಕರ ಕಡೆಯವರು. 1970ರ ದಶಕದ ಆರಂಭದಲ್ಲಿ ಅವರು ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕೆಲಸಕ್ಕಿಳಿದರು. ತಮ್ಮ ಕಾರ್ಖಾನೆಯ ಕಂಪ್ಯೂಟರ್ ವ್ಯವಸ್ಥೆಯನ್ನ ಕಾರ್ಮಿಕರೇ ಅಧ್ಯಯನ ಮಾಡಿದರು. 1975ರಲ್ಲಿ ಇಡೀ ದೇಶಕ್ಕೆ ಒಪ್ಪಂದವಾಯ್ತು: ಹೊಸ ವ್ಯವಸ್ಥೆ ಬರೋ ಮೊದಲೇ ಕಾರ್ಮಿಕರಿಗೆ ಮಾಹಿತಿ ಕೊಡಬೇಕು, ಅವರು ತಮ್ಮದೇ ಡೇಟಾ ಪ್ರತಿನಿಧಿಯನ್ನ ಆರಿಸಬಹುದು.

ಮುಂದೆ ಅವರು ಯುರೋಪಿಯನ್ ಒಕ್ಕೂಟ ಸೇರೋದು ಬೇಡ ಅನ್ನೋ ಚಳವಳಿಯ ನಾಯಕರಾದರು. 1994ರ ಜನಮತಗಣನೆಯಲ್ಲಿ ಶೇ. 52.2 ಮಂದಿ ಬೇಡ ಅಂದರು. 2001ರ ಟ್ಯೂರಿಂಗ್ ಪ್ರಶಸ್ತಿ ಡಾಲ್ ಮತ್ತು ನ್ಯೂಗೋರ್ ಇಬ್ಬರಿಗೂ ಬಂತು. 2002ರಲ್ಲಿ, ಆರು ವಾರದ ಅಂತರದಲ್ಲಿ ಇಬ್ಬರೂ ತೀರಿಕೊಂಡರು.

ನಮ್ಮ ಎಪಿಎಂಸಿಗಳಿಗೂ ಈ-ಟೆಂಡರ್ ಬಂದಿದೆ. ರೈತನ ಮಾಲು ಅಲ್ಲಿ ಒಂದು ಲಾಟ್ ನಂಬರ್. ಆ ತಂತ್ರಾಂಶ ಹೇಗಿರಬೇಕು ಅಂತ ರೈತರನ್ನ, ಹಮಾಲರನ್ನ ಕೇಳಿ ಬರೆದರಾ? ನಾವು ಕೇಳಬೇಕಾದ ಪ್ರಶ್ನೆ ಇದು.