ದೇವರ ಸೇವಕರ ಸೇವಕ

ಯೇಸುಕ್ರಿಸ್ತನು ಶಿಷ್ಯರ ಕಾಲು ತೊಳೆದ ಕಥೆಯನ್ನು ಕೇಳದವರು ವಿರಳ. ಒಡೆಯನೇ ಆಳಾದ ಆ ಕಥೆಯನ್ನು ಅಧಿಕಾರದ ಪೀಠದಲ್ಲಿ ಕುಳಿತು ಬಾಳಿ ತೋರಿಸುವುದು ಮಾತ್ರ ಕಷ್ಟ. ಅದಕ್ಕಾಗಿ ಹೆಣಗಿದವರಲ್ಲಿ ರೋಮಿನ ಪೋಪ್ ಒಂದನೆಯ ಗ್ರೆಗರಿಯವರನ್ನು ನಾವು ಮೊದಲು ನೆನೆಯುತ್ತೇವೆ.

ಕ್ರಿ. ಶ. 540ರ ಸುಮಾರಿಗೆ ರೋಮಿನ ಸಿರಿವಂತ ಮನೆತನದಲ್ಲಿ ಹುಟ್ಟಿದ ಗ್ರೆಗರಿಯವರು ನಗರದ ಮುಖ್ಯಾಧಿಕಾರಿಯಾಗಿದ್ದವರು. ಅದನ್ನು ಬಿಟ್ಟು, ಸೀಲಿಯನ್ ಗುಡ್ಡದ ಮೇಲಿದ್ದ ತಮ್ಮ ಮನೆಯನ್ನೇ ಮಠವಾಗಿಸಿ ಸಂನ್ಯಾಸಿಯಾದರು. 590ರಲ್ಲಿ ಪೋಪ್ ಎರಡನೆಯ ಪೆಲಾಜಿಯಸರು ಪ್ಲೇಗಿಗೆ ಬಲಿಯಾದಾಗ ಜನ ಇವರನ್ನೇ ಆರಿಸಿದರು. ಇವರಿಗೆ ಮನಸ್ಸಿರಲಿಲ್ಲ, ತಪ್ಪಿಸಿಕೊಳ್ಳುವ ಪ್ರಯತ್ನವೂ ಫಲಿಸಲಿಲ್ಲ.

ಆಗಿನ ರೋಮಿನ ಸ್ಥಿತಿ ಶೋಚನೀಯ. ನೆರೆ, ರೋಗ, ಹಸಿವು. ಹೊರಗೆ ಲೊಂಬಾರ್ಡರ ಸೈನ್ಯ. ಸಿಸಿಲಿಯಲ್ಲಿದ್ದ ಧರ್ಮಸಭೆಯ ಭೂಮಿಯ ಧಾನ್ಯ ನಗರದ ಬಡವರ ಹೊಟ್ಟೆ ತುಂಬಿಸಬೇಕಿತ್ತು. ಆದರೆ ಅಲ್ಲಿನ ಮೇಲ್ವಿಚಾರಕರು ದೊಡ್ಡ ಅಳತೆಯಲ್ಲಿ ಅಳೆದು ರೈತರನ್ನು ಸುಲಿಯುತ್ತಿದ್ದರು. ಗ್ರೆಗರಿಯವರು 591ರಲ್ಲಿ ಪತ್ರ ಬರೆದು, ಆ ಅಳತೆಗೆ ಹದಿನೆಂಟು ಸೆಕ್ಸ್ಟೇರಿಯಸ್ಸಿನ ಮಿತಿ ಹಾಕಿ, ಅನ್ಯಾಯವನ್ನು ತಡೆದರು. ಹಿಂದೆ ಗೇಣಿ ಅಳೆದುಕೊಟ್ಟ ಮನೆಗಳವರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಧರ್ಮಾಧ್ಯಕ್ಷರಿಗಾಗಿ ಅವರು ಬರೆದ ಕೈಪಿಡಿಯ ತಿರುಳು ಇದು: ಮನುಷ್ಯರು ಸ್ವಭಾವತಃ ಸಮಾನರು. ಗುರುವಿನ ಅಧಿಕಾರವಿರುವುದು ತಪ್ಪುಗಳ ಮೇಲೆಯೇ ಹೊರತು ಸಹೋದರರ ಮೇಲಲ್ಲ. ನೆಟ್ಟಗೆ ನಡೆಯುವವರ ನಡುವೆ ಅವನೊಬ್ಬ ಜತೆಗಾರ.

ಕಾನ್‌ಸ್ಟಾಂಟಿನೋಪಲಿನ ಪ್ರಧಾನ ಗುರು ಜಾನರು ಸರ್ವಲೋಕದ ಗುರುವೆಂಬ ಬಿರುದನ್ನು ಧರಿಸಿದಾಗ ಗ್ರೆಗರಿಯವರು ಬಲವಾಗಿ ವಿರೋಧಿಸಿದರು. ರೋಮಿನ ಪೀಠದ ಹಿರಿಮೆಯನ್ನು ಅವರು ಬಿಟ್ಟುಕೊಟ್ಟವರಲ್ಲವಾದ್ದರಿಂದ ಇದರಲ್ಲಿ ಪೈಪೋಟಿಯ ವಾಸನೆ ಕಂಡವರುಂಟು. ಆದರೆ 598ರಲ್ಲಿ ಅಲೆಕ್ಸಾಂಡ್ರಿಯದ ಯೂಲೋಜಿಯಸರು ಅಂಥದೇ ಬಿರುದನ್ನು ಇವರಿಗೆ ಸಲ್ಲಿಸಿ, ತಾವು ಅಪ್ಪಣೆಯಂತೆ ನಡೆದೆವೆಂದು ಬರೆದಾಗ, ಇವರು ಎರಡನ್ನೂ ಒಪ್ಪಲಿಲ್ಲ. ತಾವು ಸಲಹೆ ಕೊಟ್ಟೆವು, ಅಪ್ಪಣೆಯನ್ನಲ್ಲ ಎಂದು ತಿದ್ದಿದರು. ಸಹೋದರರ ಮಾನವನ್ನು ಕಳೆಯುವ ಗೌರವ ತಮಗೆ ಬೇಡವೆಂದರು. ಪತ್ರಗಳಲ್ಲಿ ತಮ್ಮನ್ನು ದೇವರ ಸೇವಕರ ಸೇವಕನೆಂದೇ ಕರೆದುಕೊಂಡರು.

ಅವರಲ್ಲಿ ಕುಂದಿರಲಿಲ್ಲವೆಂದಲ್ಲ. 602ರಲ್ಲಿ ಚಕ್ರವರ್ತಿ ಮಾರಿಸನನ್ನೂ ಅವನ ಮಕ್ಕಳನ್ನೂ ಕೊಲ್ಲಿಸಿ ಗದ್ದುಗೆಯೇರಿದ ಫೋಕಾಸನಿಗೆ ಅವರು ಬರೆದ ಅಭಿನಂದನೆಯ ಪತ್ರವನ್ನು ಓದಿದಾಗ ನಮಗೆ ಬೇಸರವೇ ಆಗುತ್ತದೆ.

ಕೊನೆಯ ವರ್ಷಗಳಲ್ಲಿ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದರೂ ಪತ್ರ ಬರೆಯಿಸುವುದನ್ನು ನಿಲ್ಲಿಸಲಿಲ್ಲ. 604ರ ಮಾರ್ಚ್ 12ರಂದು ತೀರಿಕೊಂಡರು. ಅವರ ಪತ್ರಗಳಲ್ಲಿ ಎಂಟುನೂರೈವತ್ತಕ್ಕೂ ಹೆಚ್ಚು ಇಂದಿಗೂ ಉಳಿದಿವೆ.