ಹುಟ್ಟಿನ ಲೆಕ್ಕ ಹೇಳಿಕೊಟ್ಟ ಗಣಿತದ ಮಾಸ್ತರ

ಬಿಳೂರಿನಂಥ ನಮ್ಮ ಗಡಿಯ ಊರುಗಳಲ್ಲಿ ಹಾಲಿಗೆ ಲೆಕ್ಕ ಇದೆ. ಡೇರಿಯಲ್ಲಿ ಕ್ಯಾನು ಇಳಿಸಿದ ಕೂಡಲೇ ಫ್ಯಾಟ್ ನೋಡುತ್ತಾರೆ, ನೀರು ಬೆರೆತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಕೂಸಿಗೂ ಲೆಕ್ಕ ಇದೆ. ಹುಟ್ಟಿದ 21 ದಿನದೊಳಗೆ ಪಂಚಾಯತಿ ದಫ್ತರದಲ್ಲಿ ಬರೆಸಬೇಕು. 1969ರಲ್ಲಿ ಇದಕ್ಕೆ ಕಾಯದೆಯೇ ಆಯಿತು. ಆದರೆ ಹೆತ್ತಾಕೆಗೆ ಆ ಬಸಿರು ಬೇಕಿತ್ತೋ ಇಲ್ಲವೋ ಅಂತ ಕೇಳುವ ಕಾಲಮ್ಮು ಯಾವ ದಫ್ತರದಾಗೂ ಇಲ್ಲ.

ಆ ಪ್ರಶ್ನೆಯನ್ನು ನೂರು ವರ್ಷದ ಹಿಂದೆಯೇ ಬಹಿರಂಗವಾಗಿ ಎತ್ತಿ, ಅದಕ್ಕಾಗಿ ನೌಕರಿ ಕಳಕೊಂಡು, ದಂಡ ಕಟ್ಟಿದವರು ಪ್ರೊಫೆಸರ್ ರಘುನಾಥ ಧೋಂಡೋ ಕರ್ವೆ. ಮರಾಠಿ ಓದುವ ನಮ್ಮ ಮಂದಿಗೆ ಅವರ ಹೆಸರು ಗೊತ್ತು. ಕನ್ನಡದಲ್ಲಿ ಅವರ ಮಾತು ಬಂದದ್ದು ಕಡಿಮೆ.

ಕರ್ವೆ ಹುಟ್ಟಿದ್ದು 1882ರ ಜನವರಿ 14ರಂದು, ಕೊಂಕಣದ ಮುರುಡದಲ್ಲಿ. ತಂದೆ ಧೋಂಡೋ ಕೇಶವ ಕರ್ವೆ, ಮುಂದೆ ವಿಧವೆಯರ ಶಿಕ್ಷಣಕ್ಕೆ ಜೀವ ಸವೆಸಿ ಮಹರ್ಷಿ ಅನ್ನಿಸಿಕೊಂಡವರು, 1958ರಲ್ಲಿ ಭಾರತರತ್ನ ಪಡೆದವರು. ತಾಯಿ ರಾಧಾಬಾಯಿ 1891ರಲ್ಲಿ ಹೆರಿಗೆಯಲ್ಲಿಯೇ ತೀರಿಕೊಂಡರು. ಆಗ ಹುಡುಗನಿಗೆ ಒಂಬತ್ತು ವರ್ಷ. ಬಾಣಂತನದಲ್ಲಿ ತಾಯಿ ಸತ್ತ ಮನೆ ಹೇಗಿರುತ್ತದೆ ಅನ್ನುವುದನ್ನು ಹಳ್ಳಿಯವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ಬೆಳೆದು ಗಣಿತದ ಪ್ರಾಧ್ಯಾಪಕನಾದ. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಪಾಠ. 1921ರಲ್ಲಿ ಮುಂಬಯಿಯಲ್ಲೇ ಸಂತತಿ ನಿಯಮನದ ಸಲಹಾ ಕೇಂದ್ರ ತೆರೆದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ಇಂಥದ್ದೇ ಕೇಂದ್ರ ತೆರೆದದ್ದೂ ಅದೇ ವರ್ಷ. ಕಾಲೇಜಿನ ಆಡಳಿತದವರಿಗೆ ಈ ಪ್ರಚಾರ ಸೇರಲಿಲ್ಲ, ಕೆಲಸ ಬಿಡಬೇಕಾಯಿತು. ಹೆಂಡತಿ ಮಾಲತಿಬಾಯಿ ಮಾತ್ರ ಜೊತೆ ಬಿಡಲಿಲ್ಲ. ಮಕ್ಕಳು ಬೇಡವೆಂದು ಇಬ್ಬರೂ ಕೂಡಿಯೇ ನಿಶ್ಚಯ ಮಾಡಿದ್ದರು.

1927ರ ಜುಲೈಯಲ್ಲಿ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕ ಶುರುವಾಯಿತು. ಡಾಕ್ಟರರ ಮುಂದೂ ಬಾಯಿಬಿಡದ ಸಂಗತಿಗಳನ್ನು ಓದುಗರು ಕಾಗದ ಬರೆದು ಕೇಳುತ್ತಿದ್ದರು. ಕರ್ವೆ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತಿದ್ದರು. ಅಶ್ಲೀಲವೆಂದು ಕೇಸಾಯಿತು, 1931ರಲ್ಲಿ ನೂರು ರೂಪಾಯಿ ದಂಡ. 1934ರಲ್ಲಿ ಮತ್ತೊಂದು ಕೇಸು. ಆಗ ಅವರ ಪರವಾಗಿ ವಾದಿಸಿದವರು ಡಾ. ಬಾಬಾಸಾಹೇಬ ಅಂಬೇಡ್ಕರ್. ಕೇಸು ಸೋತಿತು, ಇನ್ನೂರು ರೂಪಾಯಿ ದಂಡ ಬಿತ್ತು. ಬೆರಕೆ ಮಾಲು ಮಾರುವವರನ್ನು ಹಿಡಿಯಲು ಇಡೀ ದೇಶಕ್ಕೊಂದು ಕಾಯದೆ ಆದದ್ದು 1954ರಲ್ಲಿ. ಅದಕ್ಕೂ ಮೊದಲೇ ಬೆರಕೆಯಿಲ್ಲದ ಮಾತು ಹೇಳಿದವನಿಗೆ ಎರಡು ಸಲ ದಂಡ ಬಿದ್ದಿತ್ತು, ನೋಡಿರಿ.

ಎದುರು ನಿಂತವರು ಸಣ್ಣವರಲ್ಲ. ಸಂಯಮವೊಂದೇ ದಾರಿ, ಸಾಧನಗಳು ಬೇಡ ಅನ್ನುವುದು ಗಾಂಧೀಜಿಯವರ ನಿಲುವಾಗಿತ್ತು. ಆದರೂ ಗಾಳಿ ಬದಲಾಗುತ್ತಿತ್ತು. ನಮ್ಮ ಮೈಸೂರು ಸಂಸ್ಥಾನ 1930ರಲ್ಲಿಯೇ ಸರಕಾರಿ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರ ತೆರೆಯಲು ಹುಕುಂ ಹೊರಡಿಸಿತು. 1952ರಲ್ಲಿ ಭಾರತ ಸರಕಾರವೇ ಕುಟುಂಬ ಯೋಜನೆ ಕೈಗೆತ್ತಿಕೊಂಡಿತು. ಮರುವರ್ಷ, 1953ರ ಅಕ್ಟೋಬರ್ 14ರಂದು ಕರ್ವೆ ತೀರಿಕೊಂಡರು. ನವೆಂಬರದ ಸಂಚಿಕೆಯೇ ಪತ್ರಿಕೆಯ ಕೊನೆಯದು.

ಈಗ ನಮ್ಮ ಸೀಮೆಗೆ ಬರೋಣ. ಮ್ಹೈಸಾಳ ಅಂದರೆ ಜತ್ತ ತಾಲೂಕಿನ ರೈತನಿಗೆ ನೀರಿನ ಹೆಸರು, ಕೃಷ್ಣೆಯನ್ನು ಮೇಲೆತ್ತಿ ಬರದ ನಾಡಿಗೆ ತರುವ ಯೋಜನೆಯ ಹೆಸರು. 2017ರ ಮಾರ್ಚಿನಲ್ಲಿ ಅದೇ ಮ್ಹೈಸಾಳದ ಹಳ್ಳದ ದಂಡೆಯಲ್ಲಿ, ಹೂತಿಟ್ಟ ಚೀಲಗಳಲ್ಲಿ, 19 ಭ್ರೂಣಗಳು ಪೋಲೀಸರಿಗೆ ಸಿಕ್ಕವು. ಲಿಂಗ ಪತ್ತೆ ಮಾಡಬಾರದೆಂದು 1994ರಲ್ಲೇ ಕಾಯದೆ ಆಗಿತ್ತು. 2001ರ ಜನಗಣತಿಯಲ್ಲಿ ಸಾಂಗಲಿ ಜಿಲ್ಲೆಯ ಆರು ವರ್ಷದೊಳಗಿನ ಸಾವಿರ ಗಂಡುಕೂಸಿಗೆ ಹೆಣ್ಣುಕೂಸು 851 ಮಾತ್ರ. ನಮ್ಮ ಕಡೆ ಸಂಸಾರ ಸಣ್ಣದಾಯಿತು ಖರೆ, ಆದರೆ ಹೆಣ್ಣನ್ನು ಕಳೆದು ಸಣ್ಣದು ಮಾಡಿಕೊಂಡೆವು.

ಕರ್ವೆಯವರ ಲೆಕ್ಕ ಇದಲ್ಲ. ಬಸಿರಾಗುವ ಮೊದಲೇ ಹೆಂಗಸನ್ನು ಕೇಳಿರಿ, ಅವಳ ಮಾತು ನಡೆಯಲಿ ಅನ್ನುವುದಷ್ಟೇ ಅವರ ಲೆಕ್ಕ. ಮನೆಮಾತು ತೆಲುಗು, ಬರವಣಿಗೆ ಎರಡೂ ಭಾಷೆಯಲ್ಲಿ, ಓದು ಎಸ್ಸೆಸ್ಸೆಲ್ಸಿ; ನಾನು ಲೆಕ್ಕದಲ್ಲಿ ಮೊದಲಿಂದಲೂ ಹಿಂದೆ. ಆದರೂ ಈ ಲೆಕ್ಕ ನನಗೂ ತಿಳಿಯುತ್ತದೆ. ಮನೆಗೆ ಸೊಸೆ ತರುವ ಮುಂಚೆ, ಮಗಳನ್ನು ಕೊಡುವ ಮುಂಚೆ, ನಾವೂ ನೀವೂ ಒಮ್ಮೆ ಹಾಕಿ ನೋಡಬೇಕಾದ ಲೆಕ್ಕ ಇದು.