ದಾದಿಯ ಗುಣಪರೀಕ್ಷೆ

ಗಾಯವನ್ನು ತೊಳೆದು ಕಟ್ಟು ಕಟ್ಟುವ ವಿದ್ಯೆಯನ್ನು ಕಲಿಸಬಹುದು, ಕಲಿತದ್ದನ್ನು ಪರೀಕ್ಷಿಸಲೂಬಹುದು. ಆದರೆ ನಡುರಾತ್ರಿಯಲ್ಲಿ ಯಾರೂ ನೋಡದಿರುವಾಗಲೂ ದಾದಿಯು ಆ ಕೆಲಸವನ್ನು ಅಷ್ಟೇ ನಿಷ್ಠೆಯಿಂದ ಮಾಡುವಳೇ ಎಂಬುದನ್ನು ಅಳೆಯುವ ಬಗೆ ಹೇಗೆ? ಈ ಕಠಿಣ ಪ್ರಶ್ನೆಗೆ ಉತ್ತರವನ್ನು ಅರಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲಳು ಪ್ರಮುಖಳು.

ಸಿರಿವಂತರಾದ ಇಂಗ್ಲಿಷ್ ದಂಪತಿಗಳ ಮಗಳಾಗಿ ಆಕೆ 1820ನೆಯ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ಹುಟ್ಟಿದ ಊರಿನ ಹೆಸರೇ ಆಕೆಯ ಹೆಸರಾಯಿತು. ಅಂದು ದಾದಿಯ ವೃತ್ತಿಗೆ ಸಮಾಜದಲ್ಲಿ ಮನ್ನಣೆಯಿರಲಿಲ್ಲ. ಮನೆಯವರ ವಿರೋಧವಿದ್ದರೂ ಆಕೆಯ ಮನಸ್ಸು ರೋಗಿಗಳ ಸೇವೆಯತ್ತಲೇ ಹರಿಯಿತು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಆಕೆ ಶುಶ್ರೂಷೆಯ ಶಿಕ್ಷಣವನ್ನು ಪಡೆದಳು.

1854ರಲ್ಲಿ, ಕ್ರಿಮಿಯಾ ಯುದ್ಧದ ಸಮಯದಲ್ಲಿ, 38 ಮಂದಿ ಸ್ತ್ರೀಯರೊಡನೆ ಆಕೆ ತುರ್ಕಿಯ ಸ್ಕುಟಾರಿ ಸೈನಿಕ ಆಸ್ಪತ್ರೆಗೆ ತೆರಳಿದಳು. ರಾತ್ರಿ ದೀಪ ಹಿಡಿದು ರೋಗಿಗಳ ಬಳಿ ಸುಳಿಯುತ್ತಿದ್ದ ಆಕೆಯ ಚಿತ್ರ ಜನಮನದಲ್ಲಿ ನೆಲೆಸಿತು. ಆದರೆ ಅಲ್ಲಿ ಆಕೆ ಕಂಡುಕೊಂಡ ಸತ್ಯ ಇನ್ನೊಂದಿತ್ತು. ಕೆಲವರಲ್ಲಿ ಕರುಣೆಯಿತ್ತು, ಕೌಶಲವಿರಲಿಲ್ಲ. ಕೆಲವರಲ್ಲಿ ಕೌಶಲವಿತ್ತು, ಶಿಸ್ತು ಇರಲಿಲ್ಲ. ಅಂಥ ಕೆಲವರನ್ನು ಹಿಂದಕ್ಕೆ ಕಳುಹಿಸಬೇಕಾಯಿತು.

ಆಕೆಯ ಗೌರವಾರ್ಥ ಜನರು ಕೂಡಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಪ್ರತಿಯೊಬ್ಬ ಶಿಕ್ಷಣಾರ್ಥಿಯ ಬಗೆಗೂ ತಿಂಗಳಿಗೊಮ್ಮೆ ಒಂದು ಪತ್ರಕವನ್ನು ತುಂಬುವ ಏರ್ಪಾಡಾಯಿತು. ಅದರ ಒಂದು ಭಾಗದಲ್ಲಿ ಹುಣ್ಣುಗಳ ಆರೈಕೆ, ಪಟ್ಟಿ ಕಟ್ಟುವುದು, ಹಾಸಿಗೆ ಸಜ್ಜುಗೊಳಿಸುವುದು, ರೋಗಿಗೆ ಪಥ್ಯದ ಅಡುಗೆ ಮಾಡುವುದು ಮೊದಲಾದ ಕೌಶಲಗಳಿದ್ದವು. ಇನ್ನೊಂದು ಭಾಗದಲ್ಲಿ ಸಮಯಪಾಲನೆ, ಶಾಂತವರ್ತನೆ, ವಿಶ್ವಾಸಾರ್ಹತೆ, ಶುಚಿತ್ವ, ವಾರ್ಡಿನ ನಿರ್ವಹಣೆ ಎಂಬ ಗುಣಗಳಿದ್ದವು. ಕೈಯ ಜಾಣ್ಮೆಯೊಡನೆ ನಡತೆಯನ್ನೂ ತೂಗಿ ನೋಡುವ ಕ್ರಮ ಹೀಗೆ ರೂಪುಗೊಂಡಿತು.

ಈ ಕ್ರಮದಲ್ಲಿ ಕೊರತೆಯೂ ಇತ್ತು. ತೀರ್ಮಾನವು ಬಹುಮಟ್ಟಿಗೆ ಆಸ್ಪತ್ರೆಯ ಮೇಟ್ರನ್ ಒಬ್ಬಳ ಕಣ್ಣನ್ನೇ ಅವಲಂಬಿಸಿತ್ತು. ಇದರಿಂದ ತೃಪ್ತಳಾಗದ ನೈಟಿಂಗೇಲಳು 1870ರ ದಶಕದಲ್ಲಿ ಶಿಕ್ಷಣಾರ್ಥಿಗಳನ್ನು ತಾನೇ ಒಬ್ಬೊಬ್ಬರನ್ನಾಗಿ ಕರೆಸಿ ಮಾತನಾಡಿಸತೊಡಗಿದಳು.

ಮುಂದೆ 1887ರಲ್ಲಿ ಬ್ರಿಟನ್ನಿನ ದಾದಿಯರ ಸಂಘವೊಂದು ಸ್ಥಾಪನೆಯಾಗಿ, ಅರ್ಹರಾದ ದಾದಿಯರ ಹೆಸರುಗಳನ್ನು ನೋಂದಾಯಿಸಬೇಕೆಂದು ಒತ್ತಾಯಿಸಿತು. ನೈಟಿಂಗೇಲಳು ಅದನ್ನು ಬಲವಾಗಿ ವಿರೋಧಿಸಿದಳು. ಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರಿಸಿದ ಮಾತ್ರಕ್ಕೆ ಒಳ್ಳೆಯ ದಾದಿಯಾಗಲಾರಳೆಂಬುದು ಆಕೆಯ ವಾದ. ಅರ್ಹತೆಯಿಲ್ಲದವರಿಂದ ರೋಗಿಗಳಿಗೆ ರಕ್ಷಣೆ ಬೇಕೆಂಬುದು ಎದುರು ಪಕ್ಷದವರ ವಾದ. ಎರಡರಲ್ಲಿಯೂ ಸತ್ಯಾಂಶವಿತ್ತು. ಆಕೆ 1910ರಲ್ಲಿ ತೀರಿಕೊಂಡಳು. ನೋಂದಣಿಯ ಕಾನೂನು 1919ರಲ್ಲಿ ಜಾರಿಗೆ ಬಂದಿತು.

ಆ ವಾದದಲ್ಲಿ ಆಕೆ ಸೋತರೂ ಆಕೆ ಎತ್ತಿದ ಪ್ರಶ್ನೆ ಸೋಲಲಿಲ್ಲ. ಇಂದಿಗೂ ವೈದ್ಯರನ್ನೂ ದಾದಿಯರನ್ನೂ ರೂಪಿಸುವ ಶಾಲೆಗಳು ವಿದ್ಯಾರ್ಥಿಯ ಅಂಕಗಳೊಡನೆ ಅವನ ಮಾತು, ತಾಳ್ಮೆ, ಹೊಣೆಗಾರಿಕೆಗಳನ್ನೂ ಗಮನಿಸುತ್ತವೆ. ಜ್ಞಾನವು ಉತ್ತರಪತ್ರಿಕೆಯಲ್ಲಿ ಕಂಡೀತು. ನಂಬಿಕೆಗೆ ಅರ್ಹನಾದವನು ಯಾರೆಂಬುದು ದಿನದಿನದ ದುಡಿಮೆಯಲ್ಲಿಯೇ ತಿಳಿಯಬೇಕು.